ಐಸ್ ಪ್ಲಾಂಟಿನ ಗೋಡೆಯ ಕಡಲುಗಳ್ಳ

ಜನವರಿ 9, ಶುಕ್ರವಾರ

ಈ ಡೈರಿ ಚೈತಾಲಿ ತಂದುಕೊಟ್ಟದ್ದು. ಅಲೆವೂರಿನ ಈ ಮನೆಯಲ್ಲಿ ಈಗ ನಾನು ಮತ್ತು ಮಗಳು ಇಬ್ಬರೇ. ಅವಳು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಹೊಸ ವರ್ಷಕ್ಕೆ ಯಾರೋ ಕೊಟ್ಟ ಮೂರು ಡೈರಿಗಳಲ್ಲಿ ತೀರಾ ಚಂದವಿಲ್ಲದ್ದು ನನಗೆ ಬಂದಿದೆ. "ಪಪ್ಪ, ನಿಮಗೆ ದಿನಕ್ಕೆ ಹತ್ತು ಸಲ ಸಿಟ್ಟು ಬರ್ತದೆ. ಒಂಬತ್ತನ್ನು ಇದಕ್ಕೆ ಹೇಳಿ, ಒಂದನ್ನು ನನಗೆ ಹೇಳಿದರೆ ಸಾಕು" ಎಂದಳು. ಮಗಳು ಅಪ್ಪನಿಗೆ ಹೇಳುವ ಮಾತಾ ಇದು. ಎಂಟು ದಿನ ಮುಟ್ಟಲಿಲ್ಲ. ಇವತ್ತು ಮುಟ್ಟಬೇಕಾಯಿತು.

ಕಾರಣ ಹರ್ಷಿತ್. ಕಾಪುವಿನಲ್ಲಿ ಬೀಚಿಗೆ ತಿರುಗುವಲ್ಲಿ ಹಳೆಯ ಐಸ್ ಪ್ಲಾಂಟ್ ಉಂಟಲ್ಲ, ಮೀನಿಗೆ ಹಾಕುವ ಐಸ್ ಮಾಡುತ್ತಿದ್ದದ್ದು, ಅದರ ಧಣಿಗಳ ಮೊಮ್ಮಗ. ಪ್ಲಾಂಟ್ ನಿಂತು ಹತ್ತು ವರ್ಷ ಆಯಿತು. ಈಗ ಅದನ್ನು ಕೆಫೆ ಮಾಡುತ್ತಾನಂತೆ. ಮಾಡಲಿ, ನನಗೆಂತ. ಆದರೆ ಅದರ ರಸ್ತೆಬದಿಯ ಗೋಡೆಯಲ್ಲಿ ಮೂವತ್ತೈದು ವರ್ಷದ ಹಿಂದೆ ನಾನು ಬರೆದ ಕಡಲುಗಳ್ಳನ ಚಿತ್ರ ಉಂಟು. ತ್ರಿಕೋನದ ಟೊಪ್ಪಿ, ಉದ್ದ ಕೋಟು, ಸೊಂಟಪಟ್ಟಿ, ಎತ್ತಿದ ಕತ್ತಿ, ಹಿಂದೆ ತಲೆಬುರುಡೆಯ ಬಾವುಟ ಹಾರಿಸುವ ಹಡಗು. ಬಲಮೂಲೆಯಲ್ಲಿ ನನ್ನ ಹೆಸರು: ತಾರಾನಾಥ, ಡ್ರಾಯಿಂಗ್ ಮಾಸ್ತರ್.

"ಮಾಷ್ಟ್ರೇ, ನಿಮ್ಮ ಪೈರೇಟ್ ಈಗ ಫೇಮಸ್ ಮಾರಾಯ್ರೆ. ಬೀಚಿಗೆ ಬಂದವರೆಲ್ಲ ಅಲ್ಲಿ ನಿಂತು ಸೆಲ್ಫಿ ತೆಗೀತಾರೆ. ಬಣ್ಣ ಮಾತ್ರ ಹೋಗಿದೆ. ನೀವೇ ಬಂದು ಒಮ್ಮೆ ಫ್ರೆಶ್ ಮಾಡಿಕೊಡ್ಬೇಕು. ಹೆಗಲ ಮೇಲೆ ಒಂದು ಗಿಳಿ ಕೂರಿಸಿ. ಒಂದು ಕಣ್ಣಿಗೆ ಕಪ್ಪು ಪಟ್ಟಿ. ಒಂದು ಕಾಲು ಮರದ್ದು ಮಾಡ್ಲಿಕ್ಕೆ ಆಗ್ತದಾ?"

"ಯಾವ ಕಾಲು?"

"ಯಾವುದಾದ್ರೂ ಆಗ್ತದೆ."

ಅವನು ತುಳುವಿನಲ್ಲಿ ಹೇಳಿದ್ದು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಇನ್ನೂ ಕೆಟ್ಟದಾಗಿ ಕೇಳುತ್ತದೆ. ಮೂವತ್ತೈದು ವರ್ಷ ಎರಡು ಕಾಲಿನಲ್ಲಿ ನಿಂತ ಮನುಷ್ಯ, ಈಗ ಕೆಫೆಗಾಗಿ ಒಂದನ್ನು ಕತ್ತರಿಸಬೇಕು.

ಆ ಚಿತ್ರ ಬರೆಸಿದ್ದು ಇವನ ಅಜ್ಜ. ಗೋಡೆಯ ಬುಡದಲ್ಲಿ ಜನ ಮೂತ್ರ ಮಾಡುತ್ತಿದ್ದರು. ಅಂಥಲ್ಲಿ ಎಲ್ಲರೂ ದೇವರ ಚಿತ್ರ ಹಾಕಿಸುತ್ತಾರೆ. ಅಜ್ಜ ಒಪ್ಪಲಿಲ್ಲ. "ದೇವರು ಬೇಡ ಮಾಷ್ಟ್ರೇ. ಇವತ್ತು ದೇವರು ಬರೆದರೆ ನಾಳೆ ಯಾರೋ ಕರ್ಪೂರ ಹಚ್ಚುತ್ತಾನೆ, ನಾಡಿದ್ದು ಕಟ್ಟೆ ಕಟ್ಟುತ್ತಾನೆ, ಮತ್ತೆ ನನ್ನ ಲಾರಿ ಒಳಗೆ ಹೋಗುವುದು ಹೇಗೆ? ಹೆದರಿಸುವವನು ಯಾರಾದರೂ ಇದ್ದರೆ ಬರೆಯಿರಿ" ಎಂದರು. ನಾನಾಗ ಅಲ್ಲಿಯ ಹೈಸ್ಕೂಲಿನಲ್ಲಿದ್ದೆ. ಹಳೆಯ ಇಂಗ್ಲಿಷ್ ಪುಸ್ತಕವೊಂದರ ಚಿತ್ರ ನೋಡಿ ಕಾಪಿ ಮಾಡಿದೆ. ಅಷ್ಟೇ ಕಥೆ.

ನೋಡುವ ಎಂದಿದ್ದೇನೆ. ಹೆಂಡತಿ ಕುಶಲಾ ಹೋದ ಮೇಲೆ, ಅಂದರೆ ಕಳೆದ ಜೂನ್ ಹದಿನಾಲ್ಕರ ನಂತರ, ನಾನು ಆ ಕಡೆ ಹೋಗಿಲ್ಲ. ಅವಳ ತವರು ಅಲ್ಲೇ, ಆದರೆ ನನಗೆ ಕೆಲಸ ಎಂತ ಇರಲಿಲ್ಲ. ರಸ್ತೆಯೂ ಸರಿ ಇಲ್ಲ.

ಜನವರಿ 13, ಮಂಗಳವಾರ

ಹೋಗುವ ಮೊದಲು ಕೋಟಿನ ಬಣ್ಣ, ಟೊಪ್ಪಿಯ ಆಕಾರ ಸರಿಯಾಗಿ ನೋಡಿಕೊಳ್ಳುವ ಎಂದು ಚೈತಾಲಿಗೆ ಹೇಳಿದ್ದೆ. ನಾಲ್ಕು ಪುಸ್ತಕ ತಂದಳು. ನಾಲ್ಕೂ ಇಂಗ್ಲಿಷ್. ಬಿ.ಎ.ಯಲ್ಲಿ ಇಂಗ್ಲಿಷನ್ನು ಎರಡು ಸಲ ಬರೆದು ಪಾಸಾದವ ನಾನು. ಒಂದೇ ಸಲಕ್ಕೆ ಪಾಸಾದವರಿಗಿಂತ ನನಗೆ ಅದರ ಸಹವಾಸ ಹೆಚ್ಚು. 'ನೋಟ್‌ವಿಥ್‌ಸ್ಟ್ಯಾಂಡಿಂಗ್' ಎಂಬ ಶಬ್ದ ಮೂರು ಕಡೆ ಬಂತು. ಗುರುತು ಸಿಕ್ಕಿತು, ಅರ್ಥ ಸಿಕ್ಕಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಕ್ಲಾಸ್‌ಮೇಟನ್ನು ಕಂಡ ಹಾಗೆ.

ಮೊದಲ ಪುಸ್ತಕದ ಐವತ್ತನೇ ಪುಟಕ್ಕೆ ಬರುವಾಗ ಬಿ.ಪಿ. ಏರಿತು. ಕಡಲುಗಳ್ಳ ಎಂದ ಕೂಡಲೇ ಕಣ್ಣಿಗೆ ಬರುವ ವೇಷ ಉಂಟಲ್ಲ, ತಲೆಗೆ ಕಟ್ಟಿದ ವಸ್ತ್ರ, ಸೊಂಟಕ್ಕೆ ಅಗಲದ ಪಟ್ಟಿ, ಕಿವಿಯಲ್ಲಿ ರಿಂಗು, ಅದೆಲ್ಲ ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಚಿತ್ರಕಾರನೊಬ್ಬ ಪುಸ್ತಕಗಳಿಗೆಂದು ಕಟ್ಟಿದ್ದಂತೆ. ಅವನು ಅಂಥವರನ್ನು ಕಂಡವನೇ ಅಲ್ಲ. ಅವನು ಬರೆಯಲು ಕೂರುವಾಗ ಆ ಕಳ್ಳರೆಲ್ಲ ಸತ್ತು ನೂರೈವತ್ತು ವರ್ಷ ಕಳೆದಿತ್ತು. ಸ್ಪೇನ್ ದೇಶದ ಹಳ್ಳಿಗರ ಉಡುಪು ಅವನಿಗೆ ಇಷ್ಟವಾಗಿತ್ತು, ಅದನ್ನೇ ಇವರಿಗೆ ತೊಡಿಸಿದ. ಅವನನ್ನು ನೋಡಿ ಶಿಷ್ಯರು ಬರೆದರು, ಶಿಷ್ಯರನ್ನು ನೋಡಿ ಇನ್ನೊಬ್ಬರು, ಕೊನೆಗೆ ಕಾಪುವಿನಲ್ಲಿ ನಾನು. ನಿಜದವರು ಬೇರೆ ನಾವಿಕರ ಹಾಗೆಯೇ ಗಿಡ್ಡ ಅಂಗಿ, ದೊಗಳೆ ಚಲ್ಲಣ. ಸೆರೆಯವರನ್ನು ಹಲಗೆಯ ಮೇಲೆ ನಡೆಸಿ ನೀರಿಗೆ ಬೀಳಿಸುತ್ತಿದ್ದರು ಎನ್ನುವುದಕ್ಕೆ ಸಾಕ್ಷಿ ಇಲ್ಲವೆನ್ನುವಷ್ಟು ಕಡಿಮೆ. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಆ ಹಲಗೆಯನ್ನು ಪರ್ಸ್ಪೆಕ್ಟಿವ್ ಪಾಠಕ್ಕೆ ಬರೆಸಿದ್ದೇನೆ.

ನಮ್ಮ ಕರಾವಳಿಯದು ಇನ್ನೊಂದು ಕಥೆ. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನವನೊಬ್ಬ ಈ ಕಡೆಯ ಕಡಲುಗಳ್ಳರಿಗೆ ಹೆದರಿ ಬರೆದಿದ್ದಾನೆ. ಅವನು ಹೇಳಿದ ಜಾಗ ಯಾವುದೆಂದು ಪಂಡಿತರು ಇನ್ನೂ ಜಗಳದಲ್ಲಿದ್ದಾರೆ. ನೇತ್ರಾಣಿ ದ್ವೀಪ ಎಂದು ಕೆಲವರು, ಮಂಗಳೂರಿನ ಕಡೆ ಎಂದು ಕೆಲವರು. ಆಮೇಲೆ ಪೋರ್ಚುಗೀಸರು ಬಂದು, ಸಮುದ್ರದಲ್ಲಿ ಓಡುವ ಹಡಗಿಗೆಲ್ಲ ತಮ್ಮ ಚೀಟಿ ಬೇಕು ಎಂದರು. ಚೀಟಿ ಇಲ್ಲದಿದ್ದರೆ ಲೂಟಿ. ನಮ್ಮ ಬಸ್ರೂರು, ಮಂಗಳೂರಿನ ಅಕ್ಕಿ ಮಲಬಾರಿಗೆ ಹೋಗಬೇಕು, ಅಲ್ಲಿಯವರು ಉಣ್ಣಬೇಕು. ಚೀಟಿ ಇಲ್ಲದೆ ಅಕ್ಕಿ ಸಾಗಿಸಿ ಸಿಕ್ಕಿಬಿದ್ದವನ ಹೆಸರು ಅವರ ಕಾಗದದಲ್ಲಿ ಎಂತ? ಕಡಲುಗಳ್ಳ. ಇದನ್ನು ಓದಿ ನಾನು ಎದ್ದು ನೀರು ಕುಡಿದೆ.

ಅಂದರೆ ನಮ್ಮವ ಸೊಂಟಕ್ಕೆ ತುಂಡು ಬಟ್ಟೆ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಕೈಯಲ್ಲಿ ದೋಣಿಯ ಹುಟ್ಟು ಹಿಡಿದವ. ಇದು ನನ್ನ ಊಹೆ, ಆದರೆ ಸರಿಯಾದ ಊಹೆ. ನಾನು ಅವನ ಊರಿನ ಗೋಡೆಯಲ್ಲೇ ಸ್ಪೇನಿನ ಹಳ್ಳಿಗನಿಗೆ ಕೋಟು ಹಾಕಿ ನಿಲ್ಲಿಸಿ ಕೆಳಗೆ ಸಹಿ ಮಾಡಿದ್ದೇನೆ. ಈ ಸುಳ್ಳು ಅಳಿಯಬೇಕು. ಇದರಲ್ಲಿ ಎರಡು ಮಾತಿಲ್ಲ.

ಜನವರಿ 16, ಶುಕ್ರವಾರ

ಕಾಪುವಿಗೆ ಹೋಗಿ ಬಂದೆ. ರಿಕ್ಷಾದವನಿಗೆ ಹಿಂದಿನ ಗೇಟಿನಲ್ಲಿ ಬಿಡು ಎಂದೆ, ಮುಂದೆ ಮಣ್ಣಿನ ರಾಶಿ ಇರಬಹುದು ಎಂದು. ರಾಶಿ ಇರಲಿಲ್ಲವಂತೆ. ಇರಲಿ.

ಹರ್ಷಿತ್ ಒಳಗೆ ಟೈಲ್ಸಿನವನ ಜೊತೆ ಜಗಳದಲ್ಲಿದ್ದ. ನಾನು ನೇರ ವಿಷಯಕ್ಕೆ ಬಂದೆ. ಗೋಡೆ ಕೆರೆಸು, ಬಿಳಿ ಹೊಡೆಸು, ಚಿತ್ರ ಸುಳ್ಳು ಎಂದೆ.

"ಚಿತ್ರ ಅಲ್ವಾ ಮಾಷ್ಟ್ರೇ. ಸುಳ್ಳೇ ಇರುವುದು."

ಇತಿಹಾಸವನ್ನೆಲ್ಲ ಹೇಳಿದೆ. ರೋಮಿನವನು, ಚೀಟಿ, ಅಕ್ಕಿ, ಎಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ತೂಕ ಹೆಚ್ಚು ಎಂದು 'ದಿಸ್ ಪೈರೇಟ್ ಈಸ್ ನಾಟ್ ಓನ್ಲಿ ಫಾಲ್ಸ್' ಎಂದು ಶುರುಮಾಡಿದೆ. 'ಬಟ್ ಆಲ್ಸೋ' ಮೇಲೆ ಎಂತ ಇಡುವುದೆಂದು ಹೊಳೆಯಲಿಲ್ಲ. ಅವನು ಕಾದ. ಕಾಯುವ ಗುಣ ಅಜ್ಜನದ್ದು.

"ಪೈರೇಟ್ ಅಂದ್ರೆ ಜನರಿಗೆ ಇದೇ ಗೊತ್ತಿರುವುದು. ಮುಟ್ಟಾಳೆ ಇಟ್ಟು ಅಕ್ಕಿ ಮುಡಿ ಹೊತ್ತವನನ್ನು ಬರೆದ್ರೆ ರೇಷನ್ ಅಂಗಡಿ ಅಂತ ಕಾರ್ಡ್ ಹಿಡ್ಕೊಂಡು ಬರ್ತಾರೆ."

"ಬರಲಿ. ಒಂದು ಚಾ ಕೊಟ್ಟು ಕಳಿಸು."

"ನೀವು ಗೋಡೆ ನೋಡಿದ್ರಾ ಈಗ? ಬಣ್ಣ ಹೋದ್ರೂ ಮುಖ ಎಷ್ಟು ಲೈವ್ ಉಂಟು."

"ನಾನೇ ಬರೆದದ್ದು, ನಾನೆಂತ ನೋಡುವುದು."

ಅವನು ತಲೆ ಕೆರೆದುಕೊಂಡ. ಗೋಡೆ ನಮ್ಮದಾದರೂ ಚಿತ್ರ ಮಾಷ್ಟ್ರದು, ಕೇಳದೆ ಮುಟ್ಟಬೇಡ ಎಂದು ಅಜ್ಜ ಹೇಳಿ ಸತ್ತಿದ್ದಾರಂತೆ. ಕೊನೆಗೆ ಒಪ್ಪಂದ ಆಯಿತು: ಅವನು ಹಳೆಯದನ್ನು ಕೆರೆಸಿ ಬಿಳಿ ಹೊಡೆಸುವುದು, ನಾನು ಅಕ್ಕಿ ದೋಣಿಯ ನಿಜವಾದ ಚಿತ್ರ ಬರೆಯುವುದು, ಮಾರ್ಚ್ ಒಂದಕ್ಕೆ ಕೆಫೆ ತೆರೆಯುವ ಮೊದಲು ಮುಗಿಸುವುದು. "ತಾನು ಬರೆದದ್ದನ್ನು ತಾನೇ ಒರೆಸಿ ಅನ್ನುವ ಪೇಂಟರ್ ನೀವೊಬ್ಬರೇ ಮಾರಾಯ್ರೆ" ಎಂದ. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಬರುವಾಗಲೂ ಹಿಂದಿನ ಗೇಟಿನಿಂದಲೇ ಬಂದೆ.

ಜನವರಿ 18, ಭಾನುವಾರ

ಕೃಷ್ಣಮಠದ ಪರ್ಯಾಯ. ಉಡುಪಿಗೆ ಹೋಗಬೇಡಿ ಎಂದು ಚೈತಾಲಿ ಹೇಳಿದ್ದಳು. ಹೋದೆ. ಕಲ್ಸಂಕದಲ್ಲಿ ಜನಜಂಗುಳಿಯ ನಡುವೆ ಎರಡು ಗಂಟೆ ನಿಂತೆ. ಅವಳು ಹೇಳಿದ್ದು ಸರಿ ಎಂದು ಇಲ್ಲಿ ಬರೆದಿದ್ದೇನೆ, ಅವಳಿಗೆ ಹೇಳುವುದಿಲ್ಲ.

ಜನವರಿ 27, ಮಂಗಳವಾರ

ಹದಿನಾಲ್ಕು ಹಾಳೆ ಹಾಳು. ದೋಣಿ ಬಂತು, ಬೈಹುಲ್ಲು ಸುತ್ತಿದ ಅಕ್ಕಿ ಮುಡಿ ಬಂತು, ತೆರೆ ಬಂತು. ಮುಖ ಬರುವುದಿಲ್ಲ. ಎಲ್ಲ ಮುಖವೂ ಆಧಾರ್ ಕಾರ್ಡಿನ ಫೋಟೋದ ಹಾಗೆ. ಎದುರು ಯಾರನ್ನಾದರೂ ನಿಲ್ಲಿಸದೆ ನನಗೆ ಮುಖ ಬರೆಯಲು ಬರುವುದಿಲ್ಲ, ಹಿಂದೆಯೂ ಬರುತ್ತಿರಲಿಲ್ಲ. ಚೈತಾಲಿಯನ್ನು ನಿಲ್ಲು ಎಂದೆ. ಬಸ್ಸಿಗೆ ಹೊತ್ತಾಯಿತು ಎಂದಳು. ಕನ್ನಡಿ ನೋಡಿ ನನ್ನದೇ ಬರೆದೆ. ಅದನ್ನು ಕಂಡು ಅವಳು, "ಪಪ್ಪ, ಈ ಪೈರೇಟಿಗೆ ಅಸಿಡಿಟಿ ಉಂಟಾ?" ಎಂದಳು.

ಫೆಬ್ರವರಿ 3, ಮಂಗಳವಾರ

ಮಧ್ಯಾಹ್ನವೇ ಮನೆಗೆ ಬಂದು ಮಲಗಿದೆ. ಬಿಸಿಲಿಗೆ ಇರಬೇಕು.

ಇವತ್ತು ಗೋಡೆ ಕೆರೆಯುವ ದಿನ. ಹರ್ಷಿತ್ ಇಟ್ಟ ಪೇಂಟರು ಕರಿಬಸವ, ಅವನ ಹೆಂಡತಿ ಲಕ್ಕವ್ವ. ಕುಷ್ಟಗಿ ಕಡೆಯವರು, ಸಂತೆಕಟ್ಟೆಯ ಬಾಡಿಗೆ ಸಾಲುಮನೆಯಲ್ಲಿ ಇರುವವರು. ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿ ಇಬ್ಬರೂ ಹತ್ತಿದರು. ನಾನು ಬಾದಾಮಿ ಮರದ ಕೆಳಗೆ ಕುರ್ಚಿ ಹಾಕಿ, ಗೋಡೆಗೆ ಬೆನ್ನು ಮಾಡಿ, ಪೇಪರ್ ಓದುತ್ತ ಕೂತೆ. ಮೇಲ್ವಿಚಾರಣೆಗೆ ಕಣ್ಣು ಬೇಕೆಂದಿಲ್ಲ. ಕೆರೆಯುವ ಸದ್ದು ಕೇಳಿದರೆ ಸಾಕು.

ಬಾವುಟ ಹೋಯಿತು, ಹಡಗು ಹೋಯಿತು ಎಂದು ಕರಿಬಸವ ಕೂಗಿ ಹೇಳುತ್ತಿದ್ದ. ಬೂಟುಗಳು ಹೋದವು. ಹನ್ನೊಂದು ಗಂಟೆಗೆ ಸದ್ದು ನಿಂತಿತು.

"ಸರ, ಈಕಿ ಯಾರ್ರಿ?"

ಲಕ್ಕವ್ವನ ದನಿ. ಯಾರೋ ಬೀಚಿಗೆ ಹೋಗುವವಳ ಬಗ್ಗೆ ಕೇಳುತ್ತಾಳೆ ಎಂದುಕೊಂಡು ನಾನು ತಿರುಗಲಿಲ್ಲ.

"ಈ ಗ್ವಾಡಿ ಮ್ಯಾಗಿನಾಕಿ ರೀ."

"ಅದು ಕಡಲುಗಳ್ಳ. ಗಂಡಸು. ಕೆರೆಯಮ್ಮ."

"ಗಂಡಸ ಎಲ್ಲಿ ರೀ. ಹೆಣ್ಣಮಗಳು ಇದು."

"ಏ, ಸುಮ್ಕ ಕೆರಿ" ಎಂದ ಕರಿಬಸವ. "ಮೀಸಿ ಕಾಣಂಗಿಲ್ಲೇನು ನಿನಗ?"

"ಮೀಸಿ ಬರದಾರ. ಮೀಸಿ ಬರದ್ರ ಗಂಡಸ ಆಗ್ತಾನೇನು? ಹಂಗಿದ್ರ ನಿನಗ ನಾ ದಿನಾ ಬರೀತಿದ್ನಿ." ಅವಳು ಕೆರೆಯುವ ಪಟ್ಟಿಯನ್ನೇ ಕೋಲು ಮಾಡಿ ತೋರಿಸಿದಳು. "ನೋಡ್ರಿ ಸರ, ಕತ್ತಿ ಯಾರರ ಹಿಂಗ ಹಿಡೀತಾರೇನು, ಹೆಬ್ಬಟ್ಟ ಮ್ಯಾಲ ಒತ್ತಿ? ಇದು ಸೌಟ ಹಿಡಿಯೂ ಕೈ. ಗಂಜಿ ತಿರುವೂ ಕೈ. ಸೊಂಟಕ್ಕ ಸಿಗಸಿದ್ದು ನೋಡ್ರಿ, ಪಟ್ಟಿ ಅಲ್ಲ ಇದು, ಸೆರಗು. ಎಡಗಡೆ ಭುಜದಿಂದ ಬಂದು ಕೆಲಸಕ್ಕ ನಿಂತಾಕಿ ಸಿಗಸ್ಕೊಂಡಂಗ ಸಿಗಸ್ಕೊಂಡಾಳ."

ಆಗ ತಿರುಗಿ ನೋಡಿದೆ. ನೋಡಬಾರದಿತ್ತು. ಕೆಳಗೆ ಕಾಲಿಲ್ಲ, ಹಿಂದೆ ಹಡಗಿಲ್ಲ, ಸೊಂಟದಿಂದ ಮೇಲೆ ಮಾತ್ರ ಇತ್ತು.

ಕೆರೆಯಿರಿ ಎಂದು ಜೋರು ಮಾಡಿದೆ. ಲಕ್ಕವ್ವ ಹಲಗೆಯಿಂದ ಇಳಿದಳು. ಹೆಂಗಸಿನ ಮಾರಿಯನ್ನು ತಾನು ಕೆರೆಯುವುದಿಲ್ಲ ಎಂದಳು. ಕೆರೆದರೆ ಏನಾಗುತ್ತದೆ ಎಂದರೆ ಏನೂ ಆಗುವುದಿಲ್ಲ, ತನಗೆ ಸೇರುವುದಿಲ್ಲ ಅಷ್ಟೆ ಎಂದಳು. ಮತ್ತೆ ಕೇಳಿದಳು: "ಆಕಿ ಅದಾಳೇನ್ರಿ?"

ಇದೆಂತ ಪ್ರಶ್ನೆ. ಕೆಲಸಕ್ಕೆ ಬಂದವರು ಕೆಲಸ ಮಾಡಬೇಕು. ನಾನು ಎದ್ದು ಬಸ್ ಸ್ಟಾಪಿಗೆ ನಡೆದೆ. ಕುರ್ಚಿ ಅಲ್ಲೇ ಬಿಟ್ಟು ಬಂದಿದ್ದೇನೆ, ಪೇಪರೂ.

ಫೆಬ್ರವರಿ 4, ಬುಧವಾರ

ಅವರಿಬ್ಬರೂ ಎರಡು ದಿನ ಬೇರೆ ಕೆಲಸಕ್ಕೆ ಹೋಗುತ್ತಾರಂತೆ, ಶುಕ್ರವಾರ ಬಂದು ಉಳಿದದ್ದನ್ನು ಮುಗಿಸುತ್ತಾರಂತೆ. ಹರ್ಷಿತ್ ಫೋನು ಮಾಡಿದ್ದ. "ಎಂತ ಮಾಷ್ಟ್ರೇ, ಅರ್ಧದಲ್ಲಿ ಎದ್ದು ಹೋದ್ರಂತೆ?" ಸಕ್ಕರೆ ಕಡಿಮೆಯಾಯಿತು ಎಂದೆ.

ಸರಿಯಾಗಿ ನೆನಪು ಮಾಡಿ ಬರೆಯುತ್ತೇನೆ. ಅದು 1991ರ ಏಪ್ರಿಲ್. ನಮ್ಮ ಬಾಡಿಗೆ ಮನೆ ಐಸ್ ಪ್ಲಾಂಟಿನ ಹಿಂದೆಯೇ. ಪುಸ್ತಕ ಕಾರ್ಕಳದ ಶಾಲೆಯ ಲೈಬ್ರರಿಯದು, ನನ್ನ ಮೊದಲ ನೌಕರಿ ಅಲ್ಲಿಯದಾದ್ದರಿಂದ ಎರವಲು ಕೊಟ್ಟಿದ್ದರು. ಚೌಕ ಹಾಕಿ, ಅಳತೆ ದೊಡ್ಡದು ಮಾಡಿ, ಪುಸ್ತಕದಲ್ಲಿದ್ದ ನಾಯಕನನ್ನು ಗೋಡೆಗೆ ಇಳಿಸಿದೆ. ಟೊಪ್ಪಿ ಆಯಿತು, ಕೋಟು ಆಯಿತು. ಮುಖದಲ್ಲಿ ನಿಂತೆ. ಕುಶಲಾ ಗಂಜಿಗೆ ಕರೆಯಲು ಬಂದಳು, ಕೈಯಲ್ಲಿ ಸೌಟು. ಬೆಳಕು ಬೀಳುವುದು ನೋಡಲು ಒಂದು ನಿಮಿಷ ನಿಲ್ಲು ಎಂದೆ. ನಿಂತಳು. ಒಂದು ನಿಮಿಷವೋ, ಒಂದು ಗಂಟೆಯೋ. ಗಂಜಿ ತಳ ಹಿಡಿದ ವಾಸನೆ ರಸ್ತೆಗೆ ಬಂತು. ಮರುದಿನವೂ ನಿಲ್ಲಿಸಿದೆ, ಬೆಳಕಿಗೆ.

ಮುಗಿದ ಮೇಲೆ ನೋಡಿ ಹೇಳಿದಳು, "ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದ್ರಾ? ಮೀಸೆ ಬರೀರಿ ಮಾರಾಯ್ರೆ, ದಪ್ಪ ಬರೀರಿ. ನಾಳೆ ನಾನು ಮೀನು ಮಾರ್ಕೆಟಿಗೆ ಹೋಗ್ಬೇಕು." ಬರೆದೆ. ಊರಿನಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ. ಅವಳ ಅಣ್ಣ ದಿನಾ ಅದರ ಎದುರು ಬಸ್ಸಿಗೆ ಕಾಯುತ್ತಿದ್ದ, ಅವನಿಗೂ.

ಆಮೇಲೆ ಅವಳದ್ದೊಂದು ಚಾಳಿ. ಬಸ್ಸು ಆ ಗೋಡೆಗೆ ಬರುವಾಗ ತೋರುಬೆರಳನ್ನು ಮೀಸೆಯ ಹಾಗೆ ಮೇಲ್ದುಟಿಗೆ ಅಡ್ಡ ಇಟ್ಟು, ಏನೂ ಗೊತ್ತಿಲ್ಲದವಳ ಹಾಗೆ ನೇರ ನೋಡುತ್ತಿದ್ದಳು. ಗೋಡೆ ದಾಟಿದ ಮೇಲೆ ಬೆರಳು ಕೆಳಗೆ. ಜನ ನೋಡ್ತಾರೆ, ಕೈ ಇಳಿಸು ಎಂದು ಮೂವತ್ತನಾಲ್ಕು ವರ್ಷ ಹೇಳಿದ್ದೇನೆ. ಆಸ್ಪತ್ರೆಗೆಂದು ಕಾರಿನಲ್ಲಿ ಕರೆದುಕೊಂಡು ಹೋದ ದಿನವೂ ತವರಿನಿಂದ ಆ ದಾರಿಯಲ್ಲೇ ಬಂದದ್ದು. ಅವತ್ತೂ ಇಟ್ಟಳು. ಅವತ್ತು ನಾನು ಎಂತ ಹೇಳಲಿಲ್ಲ.

ಇದೆಲ್ಲ ಇರಲಿ. ಚಿತ್ರ ಪುಸ್ತಕ ನೋಡಿ ಬರೆದದ್ದು. ಬೆಳಕಿಗೆ ಮಾತ್ರ ಅವಳು. ಕೈ, ಸೊಂಟಪಟ್ಟಿ ಎಲ್ಲ ಪುಸ್ತಕದ್ದು. ಲಕ್ಕವ್ವ ಸೌಟು ಅಂದದ್ದು ಅವಳ ಕಲ್ಪನೆ. ಪುಸ್ತಕ ಈಗಲೂ ಕಾರ್ಕಳದಲ್ಲಿ ಇರಬೇಕು. ತೋರಿಸಿಯೇ ಬಿಡುತ್ತೇನೆ.

ಮಧ್ಯಾಹ್ನ ಚೈತಾಲಿ ಗಂಜಿ ಬಡಿಸುವಾಗ ಅವಳ ಕೈ ನೋಡಿದೆ. ಹೆಬ್ಬೆರಳು ಸೌಟಿನ ಹಿಡಿಯ ಮೇಲೆ. "ಎಂತ ನೋಡ್ತೀರಿ ಪಪ್ಪ?" ಎಂದಳು. ಉಪ್ಪು ಕಡಿಮೆ ಎಂದೆ. ತಿಂದೂ ಇರಲಿಲ್ಲ.

ಫೆಬ್ರವರಿ 6, ಶುಕ್ರವಾರ

ಉದ್ದ ಬರೆಯಬೇಕು. ಕಾಲು ನೋಯುತ್ತದೆ, ಆದರೂ.

ಬೆಳಿಗ್ಗೆ ಕಾರ್ಕಳಕ್ಕೆ ಹೋದೆ. ಶಾಲೆಯ ಲೈಬ್ರರಿ ನೋಡಿಕೊಳ್ಳುವುದು ವನೆಸ್ಸಾ ಟೀಚರ್. ಕಪಾಟಿನ ಬೀಗಕ್ಕೆ ಕೀ ಹುಡುಕಲು ಮುಕ್ಕಾಲು ಗಂಟೆ. ಮೊದಲ ಕೀ ಲ್ಯಾಬಿನದ್ದು, ಎರಡನೆಯದು ಬಿಸಿಯೂಟದ ಕೋಣೆಯದ್ದು. ಕಾಯುತ್ತ ಕೂತವನಿಗೆ ಗೋಡೆಯಲ್ಲಿದ್ದ 'ಸೈಲೆನ್ಸ್ ಈಸ್ ಗೋಲ್ಡ್' ಓದಿ ಓದಿ ಸಾಕಾಯಿತು; ಗೋಲ್ಡೋ ಗೋಲ್ಡನ್ನೋ ಎಂದು ನನಗೆ ಯಾವಾಗಲೂ ಸಂಶಯ. ಪುಸ್ತಕ ಸಿಕ್ಕಿತು. ಬೆನ್ನು ಹೋಗಿದೆ, ಬಣ್ಣದ ಚಿತ್ರಗಳು ಹಾಗೆಯೇ ಉಂಟು.

"ಸರ್, ರಿಜಿಸ್ಟರಿನಲ್ಲಿ ಕೊನೆಯ ಹೆಸರು ನಿಮ್ಮದೇ. ತೊಂಬತ್ತೊಂದು. ಆಮೇಲೆ ಯಾರೂ ಇದನ್ನು ತೆಗೊಂಡು ಹೋಗ್ಲಿಲ್ಲ" ಎಂದರು ಟೀಚರ್.

ನಾಯಕನ ಚಿತ್ರ ತೆರೆದೆ. ಟೊಪ್ಪಿ ಸರಿ. ಕೋಟು ಸರಿ. ಸೊಂಟಪಟ್ಟಿ ಬೇರೆ. ಇಲ್ಲಿ ಅದು ಸೊಂಟದ ಸುತ್ತ ಮಾತ್ರ ಉಂಟು, ಬಲಕ್ಕೆ ಗಂಟು, ಗಂಟಿನಿಂದ ಕುಚ್ಚು ಇಳಿದಿದೆ. ಭುಜದಿಂದ ಎಂತದ್ದೂ ಬರುವುದಿಲ್ಲ. ಕತ್ತಿಯ ಹಿಡಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದಿದ್ದಾನೆ, ಹೆಬ್ಬೆರಳು ಕಾಣುವುದೇ ಇಲ್ಲ. ನಿಲುವೂ ಬೇರೆ. ಗಲ್ಲವೂ ಬೇರೆ. ಮೂವತ್ತೈದು ವರ್ಷ ನಾನು ಕಾಪಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದದ್ದು ಕಾಪಿಯೇ ಅಲ್ಲ. ಟೊಪ್ಪಿ ಕೋಟು ಬಿಟ್ಟರೆ ಉಳಿದದ್ದು ಎದುರು ನಿಂತವಳನ್ನು ನೋಡಿ ಬರೆದದ್ದು.

ಇನ್ನೊಂದು ಕಂಡಿತು. ಆ ಪುಸ್ತಕದ ನಾಯಕ ಬಲಗಾಲಿಗೆ ಭಾರ ಕೊಡದೆ ನಿಂತಿದ್ದಾನೆ. ಹಡಗನ್ನು ಗೆದ್ದವನ ನಿಲುವಲ್ಲ, ಮೊಣಕಾಲು ನೋವಿದ್ದವನ ನಿಲುವು. ಯಾರೋ ನೆರೆಮನೆಯವನೋ, ಹೆಂಡತಿಯ ತಮ್ಮನೋ, ಚಳಿಯ ಕೋಣೆಯಲ್ಲಿ ಈ ವೇಷ ಹಾಕಿಕೊಂಡು, ಇನ್ನೆಷ್ಟು ಹೊತ್ತು ಎಂದು ಕೇಳುತ್ತ ನಿಂತಿದ್ದಾನೆ. ಒಲೆಯ ಮೇಲೆ ಎಂತದ್ದೋ ಇಟ್ಟು ಬಂದಿರಬಹುದು. ಕಡಲುಗಳ್ಳ ಸುಳ್ಳು, ಆ ಮೊಣಕಾಲು ಸುಳ್ಳಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾಲ್ಕರಲ್ಲೂ ಹುಡುಕಿದ್ದೆ.

ಆಗ ಇವತ್ತು ಶುಕ್ರವಾರ ಎಂದು ನೆನಪಾಯಿತು.

ಮೊಬೈಲಿನಲ್ಲಿ ಹರ್ಷಿತನ ಮೆಸೇಜು: 'ಮಾಷ್ಟ್ರೇ, ಇವತ್ತು ಫುಲ್ ವೈಟ್ ಹೊಡೆಸಿ ಮುಗಿಸ್ತೇನೆ.' ಬೆಳಿಗ್ಗೆ ಒಂಬತ್ತಕ್ಕೆ ಬಂದದ್ದು. ಫೋನು ಮಾಡಿದೆ, ಎತ್ತುವುದಿಲ್ಲ. ಕರಿಬಸವನ ನಂಬರ್ ನನ್ನಲ್ಲಿಲ್ಲ. ಚೈತಾಲಿಗೆ ಮಾಡಿದೆ, ಲೈಬ್ರರಿಯಲ್ಲಿ ಸೈಲೆಂಟ್ ಇಟ್ಟಿರುತ್ತಾಳೆ. ಬೆಳ್ಮಣ್ ಮೇಲೆ ಪಡುಬಿದ್ರಿಗೆ ಹೋಗುವ ಬಸ್ಸು ಹತ್ತಿದೆ. ಡ್ರೈವರ್ ಬೆಳ್ಮಣ್ಣಿನಲ್ಲಿ ಚಾ ಕುಡಿಯಲು ಇಳಿದ. ಕುಡಿಯಲಿ, ಆದರೆ ಎರಡು ಗೋಳಿಬಜೆ ಯಾಕೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆ, ಕಾಪುವಿನಲ್ಲಿ ಇಳಿದೆ. ಈ ಸಲ ಹಿಂದಿನ ಗೇಟಿಗೆ ಹೋಗುವಷ್ಟು ಪುರುಸೊತ್ತು ಇರಲಿಲ್ಲ.

ಗೋಡೆ ಬಿಳಿ. ಈ ತುದಿಯಿಂದ ಆ ತುದಿಯವರೆಗೆ ಬಿಳಿ. ನನ್ನ ಸಹಿಯೂ ಇಲ್ಲ. ನಡುವೆ ಮಾತ್ರ ಒಂದು ನೀಲಿ ಟರ್ಪಾಲು ತೂಗುತ್ತಿತ್ತು, ಮೇಲೆ ಎರಡು ಇಟ್ಟಿಗೆ.

ಹರ್ಷಿತ್ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ. "ಇವರಿಗೆ ನೀವೇ ಹೇಳಿ ಮಾಷ್ಟ್ರೇ. ಬೆಳಿಗ್ಗೆಯಿಂದ ಹೇಳ್ತಾ ಇದ್ದೇನೆ. ಟರ್ಪಾಲು ತೆಗೆಯುವುದಿಲ್ಲ ಅಂತಾರೆ."

"ಸುಣ್ಣ ಹಾರತೈತ್ರಿ, ಮಾರಿ ಮ್ಯಾಲ ಬೀಳಬಾರದು ಅಂತ ಕಟ್ಟೀನಿ" ಎಂದಳು ಲಕ್ಕವ್ವ. ಗೋಡೆಯ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು, ಏಳಲಿಲ್ಲ. "ಅವತ್ತ ಕೇಳಿದ್ನಿ, ನೀವು ಹೇಳಲಿಲ್ಲ. ಆಕಿ ಅದಾಳೇನ್ರಿ?"

"ಇಲ್ಲ" ಎಂದೆ.

"ಹಂಗಂದ್ರ ಕೇಳಾಕ ನೀವಽ ಉಳದ್ರಿ. ಒರಸೂದೋ ಬ್ಯಾಡೋ ಹೇಳ್ರಿ."

ಕರಿಬಸವ ಬೇರೆ ಕಡೆ ನೋಡಿದ. ಹರ್ಷಿತ್ ನನ್ನ ಮುಖ, ಟರ್ಪಾಲು, ನನ್ನ ಮುಖ ಎಂದು ನೋಡುತ್ತಿದ್ದ. ನಿಧಾನಕ್ಕೆ ಅವನಿಗೆ ಅಂದಾಜಾಯಿತು ಎಂದು ತೋರುತ್ತದೆ, ಮೊಬೈಲನ್ನು ಕಿಸೆಗೆ ಹಾಕಿದ.

ಬೇಡ ಎಂದೆ. ಸುಣ್ಣದ ಬಕೆಟನ್ನು ಎತ್ತಿ ಗೋಡೆಯಿಂದ ದೂರ ಇಟ್ಟೆ.

'ಬಟ್ ಆಲ್ಸೋ' ಮೇಲೆ ಇಡುವ ಮಾತು ಬಸ್ಸಿನಲ್ಲಿ ಬರುವಾಗ ಸಿಕ್ಕಿತು. ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ 9, ಸೋಮವಾರ

ಒಂದು ವಿಷಯ ಸ್ಪಷ್ಟ ಮಾಡಿಬಿಡಬೇಕು. ನಾನು ಇತಿಹಾಸವನ್ನು ಬಿಟ್ಟಿಲ್ಲ. ಅಕ್ಕಿ ದೋಣಿ ಬರೆದೇ ಬರೆಯುತ್ತೇನೆ. ಅವಳು ದೋಣಿಯ ನಡುವೆ ನಿಲ್ಲುತ್ತಾಳೆ, ಸುತ್ತ ಅಕ್ಕಿ ಮುಡಿ. ಚೀಟಿ ಇಲ್ಲದ ದೋಣಿ. ಟೊಪ್ಪಿ ತೆಗೆದೆ, ಮುಟ್ಟಾಳೆ ಇಟ್ಟೆ. ಕೋಟು ತೆಗೆದೆ. ಸೆರಗು ಹಾಗೆಯೇ. ಕತ್ತಿಯ ಅಲಗನ್ನು ಬಿಳಿ ಮಾಡಿ ಅಲ್ಲಿ ಸೌಟು ಬರೆದೆ. ಕೈಯನ್ನು ಮುಟ್ಟಬೇಕಾಗಲೇ ಇಲ್ಲ, ಸರಿಯಾಗಿ ಕೂತಿತು.

ಹರ್ಷಿತ್ ಮೀಸೆ ತೆಗೆಯುವುದಾ ಎಂದು ಕೇಳಿದ. ಮೀಸೆ ಅವಳೇ ಕೇಳಿ ಬರೆಸಿಕೊಂಡದ್ದು, ನಿನಗೂ ನನಗೂ ಅಧಿಕಾರ ಇಲ್ಲ ಎಂದೆ.

ಫೆಬ್ರವರಿ 19, ಗುರುವಾರ

ಹುಟ್ಟು ಹಾಕುವವರಿಗೆ ಮುಖ ಬೇಕಲ್ಲ. ಕರಿಬಸವನನ್ನು ನಿಲ್ಲಿಸಿದೆ. ಜೀವಮಾನದಲ್ಲಿ ದೋಣಿ ಹತ್ತಿದವನಲ್ಲ, ಹುಟ್ಟನ್ನು ಸಲಿಕೆ ಹಿಡಿದ ಹಾಗೆ ಹಿಡಿದ. ತಿದ್ದಲು ಹೋದೆ, ಬಿಟ್ಟೆ. ಸಲಿಕೆಯೇ ಇರಲಿ. ಹರ್ಷಿತ್ ತಾನೂ ಒಂದು ಬದಿಗೆ ನಿಲ್ಲುತ್ತೇನೆ ಎಂದು ಕೂಲಿಂಗ್ ಗ್ಲಾಸ್ ಹಾಕಿ ಬಂದ. ತೆಗೆಸಿದೆ. ಇತಿಹಾಸದವರು ಯಾರಾದರೂ ವಿಚಾರಿಸಿಕೊಂಡು ಬಂದರೆ ಮಾಷ್ಟ್ರು ಊರಿನಲ್ಲಿಲ್ಲ ಎಂದು ಹೇಳಲು ಅವನಿಗೆ ತಿಳಿಸಿದ್ದೇನೆ.

ಸಂಜೆ ಚೈತಾಲಿ ಮಣಿಪಾಲದಿಂದ ನೇರ ಅಲ್ಲಿಗೆ ಬಂದಳು. ನಾನು ಎಂತ ಹೇಳಿರಲಿಲ್ಲ. ಗೋಡೆಯ ಎದುರು ಸುಮಾರು ಹೊತ್ತು ನಿಂತಳು.

"ಅಮ್ಮನಿಗೆ ಮುಟ್ಟಾಳೆ ಚಂದ ಕಾಣ್ತದೆ" ಎಂದಳು.

"ನಿನಗೆ ಹೇಗೆ ಗೊತ್ತು ಅಮ್ಮ ಅಂತ?"

"ನಾನು ಐದನೇ ಕ್ಲಾಸಿನಲ್ಲಿರುವಾಗ ಅಮ್ಮನೇ ಹೇಳಿದ್ದು. ಯಾರಿಗೂ ಹೇಳ್ಬೇಡ, ಪಪ್ಪನಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಪಪ್ಪ ತಿಳ್ಕೊಂಡಿದ್ದಾರೆ, ಪಾಪ, ಅಂತ."

ನೋಡಿ. ಹೆಂಡತಿಯೂ ಮಗಳೂ ಸೇರಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನನ್ನ ಗುಟ್ಟನ್ನು ನನಗೇ ಗುಟ್ಟು ಮಾಡಿದ್ದಾರೆ. ಜನವರಿಯಲ್ಲಿ ಇವಳಿಂದ ಪುಸ್ತಕ ತರಿಸಿದೆ, ಗೋಡೆ ಒರೆಸುತ್ತೇನೆ ಎಂದೆ, ಆಗಲಾದರೂ ಹೇಳಬಾರದಿತ್ತಾ ಎಂದು ಕೇಳಿದೆ.

"ನೀವು ಕೇಳುವ ಸ್ಥಿತಿಯಲ್ಲಿ ಇರ್ಲಿಲ್ಲ ಪಪ್ಪ. ಅದಕ್ಕೇ ಡೈರಿ ಕೊಟ್ಟದ್ದು."

ಬಸ್ಸಿನಲ್ಲಿ ಅವಳಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ಕೂತೆ. ಕಟಪಾಡಿಯವರೆಗೆ. ಆಮೇಲೆ ಮಳೆಗಾಲಕ್ಕೆ ಬಣ್ಣ ನಿಲ್ಲಬೇಕಾದರೆ ಯಾವ ವಾರ್ನಿಶ್ ಹೊಡೆಯಬೇಕೆಂದು ಕೇಳಿದಳು, ಹೇಳಿದೆ.

ಮಾರ್ಚ್ 1, ಭಾನುವಾರ

ಕೆಫೆ ತೆರೆಯಿತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಶಾಲು ಹೊದೆಸಿ, ಹೆಸರನ್ನು ತಪ್ಪು ಹೇಳಿದರು. ತಾರಾನಾಥ ಎನ್ನುವುದು ಅಷ್ಟು ಕಷ್ಟದ ಹೆಸರಾ. ಕಾಫಿ ಕಹಿ, ಅದನ್ನೇ ಒಳ್ಳೆಯದು ಎನ್ನುತ್ತಾರೆ. ಲಕ್ಕವ್ವ ಒಂದು ಗುಟುಕು ಕುಡಿದು ಲೋಟವನ್ನು ಗಂಡನ ಕಡೆ ದೂಡಿದಳು.

ಜನ ಗೋಡೆಯ ಎದುರು ನಿಂತು ಫೋಟೋ ತೆಗೆಯುತ್ತಾರೆ. ಇದು ಯಾರು, ಪೈರೇಟಾ, ಅಡಿಗೆಯವನಾ, ಕೈಯಲ್ಲಿ ಸೌಟು ಯಾಕೆ ಎಂದು ಕೇಳುತ್ತಾರೆ. ಹರ್ಷಿತ್ ಎಲ್ಲರನ್ನೂ ನನ್ನ ಕಡೆ ಕಳಿಸುತ್ತಾನೆ. ಮೊದಲ ಐದಾರು ಜನರಿಗೆ ರೋಮಿನವನಿಂದ ಶುರುಮಾಡಿದೆ. ಚೀಟಿಗೆ ಬರುವ ಮೊದಲೇ ಹೋಗುತ್ತಾರೆ. ಆಮೇಲೆ, ದೋಣಿಯಲ್ಲಿ ಅಕ್ಕಿ ಉಂಟಲ್ಲ, ಅಕ್ಕಿ ಇದ್ದಲ್ಲಿ ಸೌಟು ಬೇಡವಾ ಎಂದೆ. ಅದಕ್ಕೆ ಎಲ್ಲರೂ ಹೌದು ಹೌದು ಎಂದರು. ಇತಿಹಾಸಕ್ಕೆ ಈ ದೇಶದಲ್ಲಿ ಇಷ್ಟೇ ಬೆಲೆ.

ಮರಳುವಾಗ ಪೇಟೆಯ ಒಳಗಿನಿಂದ ಹೋಗುವ ಬಸ್ಸು ಸಿಕ್ಕಿತು. ಎಡಬದಿಯ ಕಿಟಕಿ ಸೀಟು. ಚೈತಾಲಿ ಪಕ್ಕದಲ್ಲಿ ಫೋನು ನೋಡುತ್ತಿದ್ದಳು. ಟಿಕೆಟು ಹರಿಯುತ್ತ ಬಂದ ಕಂಡಕ್ಟರ್ ನನ್ನ ಹಳೆಯ ಶಿಷ್ಯ ಪ್ರವೀಣ್, ಡ್ರಾಯಿಂಗಿನಲ್ಲಿ ಮಾವಿನಕಾಯಿಯನ್ನೂ ಸರಿ ಬರೆಯದವನು. ನನ್ನ ಮುಖ ನೋಡಿ ನಿಂತ.

"ಎಂತ ಮಾಷ್ಟ್ರೇ, ಹಲ್ಲು ನೋವಾ?"

ಆಗ ಗೊತ್ತಾಯಿತು ಬೆರಳು ಎಲ್ಲಿತ್ತೆಂದು. ಬಸ್ಸು ಇನ್ನೂ ಗೋಡೆ ದಾಟಿರಲಿಲ್ಲ. ಹೌದು, ಹಲ್ಲು ನೋವು ಎಂದೆ. ಇವರಿಗೆಲ್ಲ ಎಂತ ವಿವರಿಸುವುದು.